ನಿದ್ದೆ, ಆತಂಕ, ಖಿನ್ನತೆ: ಗಂಟು ಎಲ್ಲಿಂದ ಬಿಚ್ಚೋದು?

ಇಪ್ಪತ್ತು, ಇಪ್ಪತ್ತೈದರ ವಯಸ್ಸಿನವರು ನಿದ್ದೆ ಬರುತ್ತಿಲ್ಲ ಅಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ಮೊಬೈಲ್ ಬಿಡು. ಇನ್ನೊಂದು, ಜಾಸ್ತಿ ಯೋಚನೆ ಮಾಡಬೇಡ. ಮೊದಲನೆಯದರಲ್ಲಿ ಸ್ವಲ್ಪ ಹುರುಳಿದೆ. ಎರಡನೆಯದರಿಂದ ಕೇಳಿದವರಿಗೆ ಸಿಟ್ಟು ಬರುತ್ತದೆಯೇ ಹೊರತು ನಿದ್ದೆ ಬರುವುದಿಲ್ಲ. ಯೋಚನೆ ನಿಲ್ಲಿಸುವುದು ಹೇಗೆ ಅಂತ ಗೊತ್ತಿದ್ದಿದ್ದರೆ ಅವರು ಯಾವತ್ತೋ ನಿಲ್ಲಿಸಿ ಮಲಗಿರುತ್ತಿದ್ದರು, ಅಲ್ವಾ?

ಮನಸ್ಸು ಕುಗ್ಗಿರುವುದು, ಒಳಗೊಳಗೇ ಸದಾ ಒಂದು ಭಯ ಕಾಡುವುದು, ರಾತ್ರಿ ನಿದ್ದೆ ಕೈಕೊಡುವುದು. ಮೂರೂ ಬೇರೆ ಬೇರೆ ತೊಂದರೆಗಳ ಹಾಗೆ ಕಂಡರೂ ಬರುವಾಗ ಜೊತೆಯಾಗಿ ಬರುವುದೇ ಜಾಸ್ತಿ. ಖಿನ್ನತೆಯನ್ನು ಗುರುತಿಸಲು ವೈದ್ಯರು ನೋಡುವ ಒಂಬತ್ತು ಲಕ್ಷಣಗಳಲ್ಲಿ ನಿದ್ದೆಯ ಏರುಪೇರೂ ಒಂದು. ನಿದ್ದೆ ಕಮ್ಮಿಯಾದರೂ ಲೆಕ್ಕ, ಅತಿಯಾದರೂ ಲೆಕ್ಕ. ಆತಂಕದ ಲಕ್ಷಣಗಳ ಪಟ್ಟಿಯಲ್ಲೂ ನಿದ್ದೆ ಇದ್ದೇ ಇದೆ. ಹಿಂದೆಲ್ಲ ನಿದ್ದೆಗೇಡನ್ನು ಖಿನ್ನತೆಯ ಬಾಲ ಅಂತ ನೋಡುತ್ತಿದ್ದರು. ಖಿನ್ನತೆ ಹೋದರೆ ಅದೂ ತಾನಾಗಿ ಹೋಗುತ್ತದೆ ಅನ್ನುವ ನಂಬಿಕೆ ಇತ್ತು. ಈಗ ಹಾಗೆ ನೋಡುವುದಿಲ್ಲ. ಖಿನ್ನತೆ ಇಲ್ಲದ, ಬರೀ ನಿದ್ದೆ ಕೆಟ್ಟಿದ್ದ ಜನರನ್ನು ದೀರ್ಘಕಾಲ ಗಮನಿಸಿದ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2011ರಲ್ಲಿ ಒಂದು ವಿಶ್ಲೇಷಣೆ ಬಂತು. ಚೆನ್ನಾಗಿ ಮಲಗುವವರಿಗೆ ಹೋಲಿಸಿದರೆ ಇವರಿಗೆ ಮುಂದೆ ಖಿನ್ನತೆ ಬರುವ ಸಂಭವ ಸುಮಾರು ಎರಡು ಪಟ್ಟು ಅಂತ ಅದರಲ್ಲಿ ಕಂಡಿತು. ಅಂದರೆ ನಿದ್ದೆ ಬಾಲ ಮಾತ್ರ ಅಲ್ಲ, ಎಷ್ಟೋ ಸಲ ಅದೇ ಮುಂದೆ ನಡೆಯುತ್ತದೆ.

ಹಾಗಂತ ನಿಮ್ಮ ವಿಷಯದಲ್ಲಿ ಯಾವುದು ಮೊದಲು ಶುರುವಾಯಿತು ಅಂತ ಪತ್ತೆದಾರಿಕೆಗೆ ಕೂರಬೇಕಿಲ್ಲ. ಅದರಿಂದ ಸಿಗುವುದು ಕಮ್ಮಿ. ಎಲ್ಲಿ ಹಿಡಿದು ಎಳೆದರೆ ಗಂಟು ಸಡಿಲವಾಗುತ್ತದೆ ಅನ್ನುವುದು ಮುಖ್ಯ. ಬಹಳಷ್ಟು ಜನರಿಗೆ ಆ ಎಳೆ ನಿದ್ದೆ ಅಂತ ನನ್ನ ಅನಿಸಿಕೆ, ಅದರಲ್ಲೂ ಬೆಳಿಗ್ಗೆ ಏಳುವ ಹೊತ್ತು. ಖುಷಿಯಾಗಿರು ಅಂತ ಮನಸ್ಸಿಗೆ ಅಪ್ಪಣೆ ಕೊಟ್ಟರೆ ಅದು ಕೇಳುವುದಿಲ್ಲ. ಹೆದರಬೇಡ ಅಂದರೂ ಕೇಳುವುದಿಲ್ಲ. ಆದರೆ ಏಳು ಗಂಟೆಗೆ ಮೈಯನ್ನು ಹಾಸಿಗೆಯಿಂದ ಎಬ್ಬಿಸಿ ಕಿಟಕಿಯ ಹತ್ತಿರ ನಿಲ್ಲಿಸುವುದು, ಎಷ್ಟೇ ಹಿಂಸೆ ಅನ್ನಿಸಿದರೂ, ಕೈಲಾಗುವ ಕೆಲಸ.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ನಿದ್ದೆಯ ತೊಂದರೆ ಇತ್ತು. ಒಂದು ಗುಂಪಿಗೆ ಬರೀ ನಿದ್ದೆ ಸರಿಪಡಿಸುವ ಆನ್‌ಲೈನ್ ಚಿಕಿತ್ಸೆ ಕೊಟ್ಟರು. ಅವರ ನಿದ್ದೆ ಸುಧಾರಿಸಿತು. ಅದರ ಜೊತೆಗೇ ಖಿನ್ನತೆ, ಆತಂಕ, ಯಾರೋ ನನ್ನ ಹಿಂದೆ ಬಿದ್ದಿದ್ದಾರೆ ಅನ್ನುವಂಥ ಅನುಮಾನ ಎಲ್ಲವೂ ಸ್ವಲ್ಪ ಸ್ವಲ್ಪ ಇಳಿದವು. ಪವಾಡ ಏನೂ ಆಗಲಿಲ್ಲ. ಆದರೆ ಯಾರೂ ಅವರ ಬಾಲ್ಯ ಕೆದಕಿರಲಿಲ್ಲ, ಬದುಕು ಬದಲಿಸಿಕೊಳ್ಳಿ ಅಂತ ಭಾಷಣ ಮಾಡಿರಲಿಲ್ಲ ಅನ್ನುವುದನ್ನು ನೆನಪಿಡಿ.

ನಿದ್ದೆ ಹೇಗೆ ಬರುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. 1982ರಲ್ಲಿ ಜೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ ಅನ್ನುವ ವಿಜ್ಞಾನಿ ಹೇಳಿದ ಲೆಕ್ಕವೇ ಇವತ್ತಿಗೂ ಬಳಕೆಯಲ್ಲಿದೆ. ನಿದ್ದೆಯ ಹಿಂದೆ ಎರಡು ಶಕ್ತಿಗಳಿವೆ. ಮೊದಲನೆಯದು ನಿದ್ದೆಯ ಒತ್ತಡ. ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ, ಮಲಗಿದಾಗ ಕರಗುತ್ತದೆ. ಇದು ಹಸಿವಿನ ಹಾಗೆ. ಊಟಕ್ಕೆ ಮುಂಚೆ ಹೊಟ್ಟೆ ತುಂಬಾ ತಿಂಡಿ ತಿಂದರೆ ಊಟ ಸೇರುವುದಿಲ್ಲ ನೋಡಿ, ಸಂಜೆ ಐದಕ್ಕೆ ಒಂದೂವರೆ ಗಂಟೆ ನಿದ್ದೆ ಹೊಡೆದರೆ ರಾತ್ರಿ ಆಗುವುದೂ ಅದೇ. ಕಾಫಿ ಮಾಡುವ ಕೆಲಸ ಇನ್ನೂ ನಾಜೂಕು. ಅದು ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಒತ್ತಡ ಕಮ್ಮಿಯಾಗಿರುವುದಿಲ್ಲ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಭಾಗ ಹನ್ನೊಂದಕ್ಕೂ ಮೈಯಲ್ಲಿ ಇರುತ್ತದೆ. ಆತಂಕ ಇರುವವರಿಗೆ ಇನ್ನೊಂದು ನಷ್ಟವೂ ಉಂಟು. ಕೆಫೀನ್ ಕೊಡುವ ಕೈನಡುಕ, ಎದೆಬಡಿತಕ್ಕೂ ಭಯ ತರುವ ಎದೆಬಡಿತಕ್ಕೂ ಮಿದುಳು ಅಷ್ಟಾಗಿ ವ್ಯತ್ಯಾಸ ನೋಡುವುದಿಲ್ಲ.

ಎರಡನೆಯದು ದೇಹದ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗಕ್ಕೆ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ, ಅದೇ ಗಡಿಯಾರ. ಬಹಳಷ್ಟು ಜನರಲ್ಲಿ ಇದು 24 ಗಂಟೆಗಿಂತ ಸ್ವಲ್ಪ ನಿಧಾನ, ಸುಮ್ನೆ ಬಿಟ್ಟರೆ ದಿನ ದಿನವೂ ತಡವಾಗುತ್ತಾ ಹೋಗುತ್ತದೆ. ಅದನ್ನು ದಿನವೂ ಸರಿ ಹೊತ್ತಿಗೆ ತಿರುಗಿಸಿಡುವುದು ಮುಖ್ಯವಾಗಿ ಬೆಳಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆದು ನಿದ್ದೆ ಬೇಗ ಬರುವಂತೆ ಮಾಡುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ತಳ್ಳಿ ತಡ ಮಾಡುತ್ತದೆ. ಹದಿಹರೆಯದಲ್ಲಿ ಈ ಗಡಿಯಾರ ತಾನಾಗಿಯೇ ತಡವಾಗುತ್ತಾ ಬಂದು ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗುತ್ತದೆ, ಆಮೇಲೆ ನಿಧಾನಕ್ಕೆ ವಾಪಸ್ ಬರುತ್ತದೆ. ಹತ್ತೊಂಬತ್ತರ ಹುಡುಗಿಗೆ ರಾತ್ರಿ ಒಂದರವರೆಗೆ ನಿದ್ದೆ ಬರುವುದಿಲ್ಲ ಅಂದರೆ ಅದೆಲ್ಲ ಸೋಮಾರಿತನ ಅಲ್ಲ, ದುರಭ್ಯಾಸವೂ ಅಲ್ಲ. ಮನೆಯ ಹಿರಿಯರು ಇದನ್ನು ಒಮ್ಮೆ ಓದಿಕೊಂಡರೆ ಅರ್ಧ ಜಗಳ ಕಮ್ಮಿಯಾದೀತು.

ಈಗ ಆತಂಕದ ಪಾತ್ರ. ನಿದ್ದೆಯ ಒತ್ತಡ ಎಷ್ಟೇ ಇರಲಿ, ದೇಹದ ಗಡಿಯಾರ ಎಷ್ಟೇ ಸರಿ ಇರಲಿ, ಅಪಾಯ ಇದೆ ಅನ್ನಿಸಿದರೆ ಮಿದುಳು ಮಲಗಲು ಬಿಡುವುದಿಲ್ಲ. ಬಿಡಬಾರದು ಕೂಡ, ಅದರ ಕೆಲಸವೇ ಅದು. ತೊಂದರೆ ಏನೆಂದರೆ ನಾಳೆಯ ಇಂಟರ್‌ವ್ಯೂ, ಬಾಕಿ ಇರುವ ಫೀಸು, ಗೆಳೆಯ ಮೆಸೇಜ್ ನೋಡಿಯೂ ಉತ್ತರ ಕೊಡದಿರುವುದು, ಇವನ್ನೂ ಅದು ಅಪಾಯದ ಲೆಕ್ಕಕ್ಕೇ ಸೇರಿಸುತ್ತದೆ. ಹಗಲಿನಲ್ಲಿ ಇವೆಲ್ಲ ಕೆಲಸದ ಗದ್ದಲದಲ್ಲಿ ಮುಚ್ಚಿಹೋಗಿರುತ್ತವೆ. ದೀಪ ಆರಿಸಿದ ಮೇಲೆ ಬೇರೇನೂ ಇಲ್ಲ, ಅವು ಮಾತ್ರ. ಆಮೇಲೆ ಶುರುವಾಗುವುದು ಆ ಗಂಟೆಯ ಲೆಕ್ಕ. ಮೊಬೈಲ್ ಎತ್ತಿ ನೋಡಿದರೆ 2:10. ಈಗ ನಿದ್ದೆ ಬಂದರೂ ನಾಲ್ಕೂವರೆ ಗಂಟೆ ಸಿಗುತ್ತದೆ. ಮಗ್ಗುಲು ಬದಲಿಸಿ, ದಿಂಬು ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಮತ್ತೆ ನೋಡಿದರೆ 2:50. ಇನ್ನು ನಾಲ್ಕು ಗಂಟೆಯೂ ಇಲ್ಲ. ನಾಳೆ ಕ್ಲಾಸಿನಲ್ಲಿ ತೂಕಡಿಸುತ್ತೇನೆ, ಪೇಪರ್ ಹಾಳಾಗುತ್ತದೆ, ಈ ಸಲವೂ ಹೋಯಿತು. ಎದೆ ಹೊಡೆದುಕೊಳ್ಳಲು ಶುರು. ಈಗ ಭಯ ಇಂಟರ್‌ವ್ಯೂದಲ್ಲ, ನಿದ್ದೆ ಬಾರದಿರುವುದರದ್ದೇ.

ನಿದ್ದೆ ಕೆಟ್ಟ ಮಿದುಳಿಗೆ ಮರುದಿನ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. 2007ರ ಒಂದು ಪ್ರಯೋಗದಲ್ಲಿ ಸುಮಾರು 35 ಗಂಟೆ ಎಚ್ಚರವಿದ್ದ ಯುವಜನರಿಗೆ ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿ ಮಿದುಳು ಸ್ಕ್ಯಾನ್ ಮಾಡಿದರು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲ ಅನ್ನುವ ಭಾಗ, ಮಲಗಿ ಬಂದವರಿಗಿಂತ ಶೇ. 60ರಷ್ಟು ಹೆಚ್ಚು ಕೆರಳಿತ್ತು. ಅದನ್ನು ಹಿಡಿತದಲ್ಲಿಡುವ ಮುಂಭಾಗದ ಜೊತೆಗಿನ ನಂಟು ಸಡಿಲವಾಗಿತ್ತು. ಹೀಗೆ ಕೆರಳಿದ ತಲೆ ಹೊತ್ತುಕೊಂಡೇ ಮತ್ತೆ ರಾತ್ರಿ ಹಾಸಿಗೆಗೆ ಹೋಗುತ್ತೇವೆ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನಿದ್ದೆ ಸಾಲಲಿಲ್ಲ ಅಂತ ಹಾಸಿಗೆಯಲ್ಲಿ ಇರುವ ಹೊತ್ತನ್ನು ಜಾಸ್ತಿ ಮಾಡುತ್ತಾರೆ. ಒಂಬತ್ತಕ್ಕೇ ಮಲಗುವುದು, ಭಾನುವಾರ ಹನ್ನೆರಡಕ್ಕೆ ಏಳುವುದು, ಕ್ಲಾಸ್ ತಪ್ಪಿಸಿ ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು. ನೋಡಲು ಸರಿ ಅನ್ನಿಸುತ್ತದೆ. ಆದರೆ ಹತ್ತು ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಲಗಿದರೆ ಉಳಿದ ನಾಲ್ಕು ಗಂಟೆ ಹಾಸಿಗೆ ಮೇಲೆ ಒದ್ದಾಡುವ ಅಭ್ಯಾಸ ಆಗುತ್ತದೆ ಅಷ್ಟೇ. ಸೋಫಾದಲ್ಲಿ ಕೂತಲ್ಲೇ ತೂಕಡಿಸುವವರು ಹಾಸಿಗೆಗೆ ಬಂದ ತಕ್ಷಣ ಕಣ್ಣು ಪಿಳಿಪಿಳಿ ಬಿಡುತ್ತಾರಲ್ಲ, ಅದು ಇದರಿಂದಲೇ. ನಿದ್ದೆ ಮೊದಲು ಕೆಟ್ಟಿದ್ದು ಪರೀಕ್ಷೆಗೋ, ಬ್ರೇಕಪ್‌ಗೋ, ಮನೆಯ ಸಾವಿಗೋ ಇರಬಹುದು. ಆ ಕಾರಣ ಮುಗಿದು ತಿಂಗಳುಗಳಾದರೂ ನಿದ್ದೆ ಕೆಟ್ಟೇ ಇರುವುದು ಹೆಚ್ಚಾಗಿ ಆಮೇಲೆ ಮಾಡಿಕೊಂಡ ಈ ಏರ್ಪಾಡುಗಳಿಂದ.

ಹಾಗಾಗಿ ಚಿಕಿತ್ಸೆ ಉಲ್ಟಾ ದಾರಿ ಹಿಡಿಯುತ್ತದೆ. ಯೋಚನೆ, ನಡವಳಿಕೆಗಳ ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆಗೆ ಸಿಬಿಟಿ ಅನ್ನುತ್ತಾರೆ; ನಿದ್ದೆಗೆಂದೇ ಇರುವ ಅದರ ಒಂದು ಬಗೆ ಸಿಬಿಟಿ-ಐ. ಹಳೆಯ ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಇದನ್ನು ಕೊಡಬೇಕು ಅಂತ ಅಮೆರಿಕದ ವೈದ್ಯರ ಸಂಘ ಎಸಿಪಿ 2016ರಲ್ಲೇ ಶಿಫಾರಸು ಮಾಡಿದೆ. ಇದರ ತಿರುಳು ಹೀಗಿದೆ. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬಂದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ, ರಜೆಯಲ್ಲೂ ಅದೇ. ಎದ್ದ ಮೇಲೆ ಹೊರಗಿನ ಬೆಳಕಿಗೆ ಹೋಗಬೇಕು. ಮೋಡ ಇದ್ದರೂ ಪರವಾಗಿಲ್ಲ, ಮನೆಯೊಳಗಿನ ದೀಪಕ್ಕಿಂತ ಹೊರಗಿನ ಮೋಡದ ಬೆಳಕೇ ಎಷ್ಟೋ ಪಾಲು ಜಾಸ್ತಿ. ಗಡಿಯಾರ ತೋರಿಸಿದ ಹೊತ್ತಿಗೆ ಮಲಗಬಾರದು, ಕಣ್ಣು ಎಳೆದಾಗಲೇ ಮಲಗಬೇಕು. ಇಪ್ಪತ್ತು ನಿಮಿಷ ಆಯಿತು ಅನ್ನಿಸಿಯೂ ನಿದ್ದೆ ಬಾರದಿದ್ದರೆ ಎದ್ದು ಇನ್ನೊಂದು ಕಡೆ ಹೋಗಿ ಮಂದ ಬೆಳಕಿನಲ್ಲಿ ಏನಾದರೂ ಬೋರಿಂಗ್ ಕೆಲಸ, ಬಟ್ಟೆ ಮಡಿಸುವುದೋ ಹಳೆಯ ಪುಸ್ತಕ ಓದುವುದೋ ಮಾಡಿ, ಮಂಪರು ಬಂದ ಮೇಲೆ ವಾಪಸ್. ಹಾಸ್ಟೆಲಿನ ಒಂದೇ ರೂಮಿನಲ್ಲಿ ಇರುವವರು ಕುರ್ಚಿಗೆ ಹೋದರೂ ಸಾಕು, ಹಾಸಿಗೆ ಬಿಡುವುದು ಮುಖ್ಯ. ಗಡಿಯಾರವನ್ನು ಮಾತ್ರ ಕಣ್ಣಿಗೆ ಕಾಣದಂತೆ ತಿರುಗಿಸಿಡಿ. ಇಪ್ಪತ್ತು ನಿಮಿಷವೂ ಅಂದಾಜೇ ಇರಲಿ.

ಹಾಸಿಗೆಯ ಹೊತ್ತನ್ನು ಬೇಕಂತಲೇ ಕಡಿಮೆ ಮಾಡುವುದೂ ಈ ಚಿಕಿತ್ಸೆಯ ಭಾಗ. ಆರು ಗಂಟೆ ಮಲಗುವವರು ಕೆಲವು ವಾರ ಹಾಸಿಗೆಯಲ್ಲಿ ಇರುವುದೇ ಆರು ಗಂಟೆಯ ಆಸುಪಾಸು, ನಿದ್ದೆ ಗಟ್ಟಿಯಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸೇರಿಸುತ್ತಾ ಹೋಗುವುದು. ಇದು ಕೆಲಸ ಮಾಡುತ್ತದೆ, ಆದರೆ ಮೊದಲ ವಾರ ನರಕ. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ಖಿನ್ನತೆಗೆ ಜಾರುವ ಕಾಯಿಲೆ) ಇರುವವರು, ವಾಹನ ಓಡಿಸುವ ಕೆಲಸದವರು ಇದನ್ನು ಸ್ವಂತವಾಗಿ ಮಾಡಲೇಬಾರದು. ಉಳಿದವರೂ ಗೊತ್ತಿರುವವರ ಜೊತೆ ಮಾಡುವುದೇ ಒಳ್ಳೆಯದು.

ಖಿನ್ನತೆಯ ತೂಕ ಇದ್ದಾಗ ಈ ಬೆಳಿಗ್ಗೆ ಏಳುವುದೇ ಬೆಟ್ಟ. ಅಲಾರ್ಮ್ ಕೇಳಿಸುತ್ತದೆ, ಕಣ್ಣೂ ಬಿಟ್ಟಿರುತ್ತದೆ, ಎದ್ದು ಏನು ಮಾಡುವುದಿದೆ ಅನ್ನುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಮನಸ್ಸು ಬಂದಾಗ ಮಾಡುತ್ತೇನೆ ಅಂತ ಕಾಯುವುದು ಸಹಜ, ಆದರೆ ಖಿನ್ನತೆಯಲ್ಲಿ ಕೆಡುವುದೇ ಆ ಮನಸ್ಸು ಬರುವ ಯಂತ್ರ. ಹಾಗಾಗಿ ಇಲ್ಲಿ ಕ್ರಮ ತಿರುಗಿಸಬೇಕು, ಮೊದಲು ಕೆಲಸ, ಮನಸ್ಸು ಆಮೇಲೆ ಬಂದರೆ ಬರಲಿ. ಇದನ್ನು ಉಪದೇಶ ಅಂದುಕೊಳ್ಳಬೇಡಿ, ಬಿಹೇವಿಯರಲ್ ಆಕ್ಟಿವೇಶನ್ ಅನ್ನುವ ಪರೀಕ್ಷೆಗೆ ಒಳಗಾದ ಚಿಕಿತ್ಸೆಯೇ ಇದೆ. ಬ್ರಿಟನ್ನಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ತರಬೇತಿಯ ಕಾರ್ಯಕರ್ತರು ಕೊಟ್ಟ ಈ ಸರಳ ಚಿಕಿತ್ಸೆ, ಪಳಗಿದ ಥೆರಪಿಸ್ಟ್‌ಗಳು ಕೊಟ್ಟ ಸಿಬಿಟಿಗಿಂತ ಏನೂ ಕಡಿಮೆ ಇರಲಿಲ್ಲ. ಗುಟ್ಟು ಇರುವುದು ಕೆಲಸದ ಗಾತ್ರದಲ್ಲಿ. "ನಾಳೆಯಿಂದ ವ್ಯಾಯಾಮ" ಅಂದರೆ ಆಗುವುದಿಲ್ಲ. "ನಾಳೆ ಏಳೂವರೆಗೆ ಚಪ್ಪಲಿ ಮೆಟ್ಟಿ ಬೀದಿ ಕೊನೆಯವರೆಗೆ ಹೋಗಿ ಬರುತ್ತೇನೆ, ಖುಷಿ ಆಗದಿದ್ದರೂ ಸರಿ" ಅಂದರೆ ಆಗುವ ಸಾಧ್ಯತೆ ಇದೆ. ಸ್ನಾನ, ಒಬ್ಬರಿಗೆ ಫೋನ್, ಒಂದು ಪುಟ ಓದು. ಹೊತ್ತು ಗೊತ್ತು ಮಾಡಿ ಬರೆದಿಡಿ, ಮಾಡಿದ ಮೇಲೆ ಹೇಗನ್ನಿಸಿತು ಅಂತ ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ. ಮಾಡುವ ಮುಂಚೆ ಸೊನ್ನೆ ಅಂದುಕೊಂಡದ್ದಕ್ಕೆ ಮಾಡಿದ ಮೇಲೆ ಮೂರು ಬಿದ್ದಿರುವುದು ಆಗಾಗ ಕಾಣುತ್ತದೆ. ಮೂರು ದೊಡ್ಡದಲ್ಲ. ಆದರೆ ಖಿನ್ನತೆ ಹೇಳಿದ್ದು ಸುಳ್ಳಾಗಿರುತ್ತದೆ.

ಆತಂಕಕ್ಕೆ ಕಾಗದ ಪೆನ್ನು ಚೆನ್ನಾಗಿ ಒಗ್ಗುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರಿಗೆ ಮಲಗುವ ಮುಂಚೆ ಐದು ನಿಮಿಷ ಬರೆಯಲು ಹೇಳಿದರು. ಅರ್ಧ ಜನ ಮುಗಿಸಿದ ಕೆಲಸಗಳನ್ನು ಬರೆದರು, ಉಳಿದವರು ಮಾಡಬೇಕಾದವನ್ನು. ನಾಳೆಯ ಕೆಲಸ ಬರೆದರೆ ಟೆನ್ಶನ್ ಹೆಚ್ಚಬೇಕಲ್ವಾ? ಹಾಗಾಗಲಿಲ್ಲ. ಅವರಿಗೇ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು, ವಿವರವಾಗಿ ಬರೆದಷ್ಟೂ ಇನ್ನೂ ಬೇಗ. ಆದ್ದರಿಂದ "ಪ್ರಾಜೆಕ್ಟ್" ಅಂತ ಬರೆದರೆ ಸಾಲದು. "ಹತ್ತು ಗಂಟೆಗೆ ಮೇಡಂಗೆ ಮೇಲ್, ಮೂರನೇ ಅಧ್ಯಾಯದ ಎರಡು ಚಿತ್ರ, ರೂಮ್‌ಮೇಟ್ ಹತ್ತಿರ ಚಾರ್ಜರ್ ವಾಪಸ್" ಹೀಗಿರಬೇಕು. ಉತ್ತರವೇ ಇಲ್ಲದ ಚಿಂತೆಗಳಿಗೆ ಬೇರೆ ಉಪಾಯ ಇದೆ. ಸಂಜೆ ಹದಿನೈದು ಇಪ್ಪತ್ತು ನಿಮಿಷ ಚಿಂತೆಗೆಂದೇ ಎತ್ತಿಡಿ, ಕೂತು ಮನಸಾರೆ ಚಿಂತೆ ಮಾಡಿ. ರಾತ್ರಿ ಅದು ಬಂದರೆ ನಾಳೆ ಆರಕ್ಕೆ ಬಾ ಅನ್ನಿ. ತಮಾಷೆಯಾಗಿ ಕೇಳಿಸುತ್ತದೆ. ಚಿಂತೆಯನ್ನು ಒತ್ತಿ ಹಿಡಿಯುವುದಕ್ಕಿಂತ ಮುಂದೂಡುವುದು ಸುಲಭ ಅನ್ನುವುದು ಮಾಡಿ ನೋಡಿದವರಿಗೆ ಗೊತ್ತಾಗುತ್ತದೆ.

ಹಗಲಿನ ಆತಂಕದ ಮಟ್ಟಿಗೆ ಹೇಳಬೇಕಾದ್ದು ಒಂದೇ. ಭಯ ಇರುವ ಕಡೆ ಹೋಗದೆ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯ್ ಅನ್ನಿಸುತ್ತದೆ, ಆ ಹಾಯ್ ಅನ್ನಿಸುವುದೇ ಭಯಕ್ಕೆ ಗೊಬ್ಬರ. ಚಿಕ್ಕದರಿಂದ ಶುರು ಮಾಡಿ ಹತ್ತಿರ ಹೋಗುವುದೇ ಮದ್ದು.

ಯಾವಾಗ ವೈದ್ಯರ ಹತ್ತಿರ ಹೋಗಬೇಕು? ಮನಸ್ಸು ಕುಗ್ಗಿರುವುದೋ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೋ ಎರಡು ವಾರ ಹೆಚ್ಚುಕಮ್ಮಿ ದಿನವೂ ಇದ್ದು, ಓದು, ಕೆಲಸ, ಊಟ ಕೆಡುತ್ತಿದ್ದರೆ ಹೋಗಿ. ನಿದ್ದೆಯ ತೊಂದರೆ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಡೆದಿದ್ದರೆ ಅದಕ್ಕೆ ಹಳೆಯ ನಿದ್ದೆಗೇಡು ಅಂತಲೇ ಹೆಸರು, ಅಷ್ಟು ದಿನ ಕಾಯಬೇಕಂತಲೂ ಇಲ್ಲ. ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಎಲ್ಲೆಡೆ ಉಚಿತವಾಗಿ ಸಿಗುತ್ತದೆ, 27ಕ್ಕೆ ಅಂಕ. ಹತ್ತು ಅಥವಾ ಜಾಸ್ತಿ ಬಂದರೆ ಯಾರಾದರೂ ನೋಡಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತ ಮುದ್ರೆ ಬಿದ್ದ ಹಾಗಲ್ಲ. ಥೈರಾಯ್ಡ್, ರಕ್ತಹೀನತೆ ಇವೂ ಖಿನ್ನತೆಯ ವೇಷ ಹಾಕಬಲ್ಲವು, ರಕ್ತಪರೀಕ್ಷೆ ಅದಕ್ಕೆ. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ.

ಒಂದು ವಿಷಯ ಮಾತ್ರ ನೀವು ವೈದ್ಯರಿಗೆ ಮರೆಯದೆ ಹೇಳಬೇಕು. ಮೂರು ನಾಲ್ಕು ಗಂಟೆ ಮಲಗಿಯೂ ಸುಸ್ತೇ ಇಲ್ಲದೆ, ಮೈತುಂಬ ಹುರುಪು, ಮಾತು ಜಾಸ್ತಿ, ಖರ್ಚು ಜಾಸ್ತಿ ಇದ್ದ ದಿನಗಳು ಯಾವಾಗಲಾದರೂ ಬಂದಿದ್ದವಾ ಅನ್ನುವುದು. ಅದು ಬೈಪೋಲಾರ್ ಇರಬಹುದು, ಶುರುವಾಗುವುದು ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವೊಮ್ಮೆ ಕೆಟ್ಟದಾಗುತ್ತದೆ.

ಮಾತ್ರೆಗೆ ಹೆದರಬೇಕಿಲ್ಲ, ಅವಸರವೂ ಬೇಡ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ಹೆಚ್ಚಬಹುದು. 25ರೊಳಗಿನ ಕೆಲವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಅನ್ನುವ ಎಚ್ಚರಿಕೆ ಇವುಗಳ ಮೇಲೆ ಇದೆ. ಅದಕ್ಕೇ ಶುರುವಿನ ವಾರಗಳಲ್ಲಿ ವೈದ್ಯರ ಸಂಪರ್ಕದಲ್ಲಿ ಇರಬೇಕು, ಹಾಗೆ ಏನಾದರೂ ಅನ್ನಿಸಿದರೆ ತಕ್ಷಣ ಹೇಳಬೇಕು, ತಾನಾಗಿ ಫಕ್ಕನೆ ನಿಲ್ಲಿಸಬಾರದು. ನಿದ್ದೆ ಮಾತ್ರೆಗಳಲ್ಲಿ ಹಲವು ಅಭ್ಯಾಸ ಹಿಡಿಸುತ್ತವೆ, ಕೆಲ ದಿನಗಳ ಮಟ್ಟಿಗೆ ಸರಿ. ಮದ್ಯ ನಿದ್ದೆ ಬರಿಸುತ್ತದೆ ಅನ್ನುವುದು ಅರ್ಧ ಸತ್ಯ, ರಾತ್ರಿಯ ಎರಡನೇ ಅರ್ಧವನ್ನು ಅದು ಚೂರು ಚೂರು ಮಾಡುತ್ತದೆ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮೇಲಿನ ಯಾವ ಉಪಾಯಕ್ಕೂ ಕಾಯಬೇಡಿ. ಆ ರಾತ್ರಿಯೇ ಒಬ್ಬರನ್ನು ಎಬ್ಬಿಸಿ. ಬೇಜಾರು ಮಾಡಿಕೊಳ್ಳುತ್ತಾರೆ ಅನ್ನಿಸಬಹುದು, ಎಬ್ಬಿಸಿ. ಸಹಾಯವಾಣಿಗೆ ಕರೆ ಮಾಡಿ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಒಬ್ಬರೇ ಇರಬೇಡಿ. ನಿದ್ದೆಗೆಟ್ಟ ನಡುರಾತ್ರಿಯ ತಲೆಗೆ ದಾರಿಗಳೆಲ್ಲ ಮುಚ್ಚಿದ ಹಾಗೆ ಕಾಣುವುದೇ ಹೆಚ್ಚು. ಆ ಹೊತ್ತಿನ ತೀರ್ಮಾನಗಳನ್ನು ನಂಬಬೇಕಿಲ್ಲ.

ವೈದ್ಯರ ಹತ್ತಿರ ಹೋದಾಗ ಮಾತು ಹೊರಡದೆ "ಸ್ವಲ್ಪ ನಿದ್ದೆ ಕಮ್ಮಿ" ಅಂತಷ್ಟೇ ಹೇಳಿ ಬರುವವರು ಬಹಳ. ಹಾಗಾಗದಿರಲು ಒಂದೆರಡು ವಾರ ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗಿ: ಎಷ್ಟಕ್ಕೆ ಮಲಗಿದ್ದು, ಅಂದಾಜು ಎಷ್ಟಕ್ಕೆ ನಿದ್ದೆ ಬಂದಿದ್ದು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದಿದ್ದು, ಕಾಫಿ ಎಷ್ಟಕ್ಕೆ, ಹಗಲು ಮಲಗಿದ್ದು ಉಂಟಾ. ಬರೆಯುವುದು ಬೆಳಿಗ್ಗೆ ಎದ್ದ ಮೇಲೆ, ರಾತ್ರಿ ಗಂಟೆ ನೋಡಿಕೊಂಡು ಅಲ್ಲ. ಕೈಗೆ ಕಟ್ಟಿದ ವಾಚು ತೋರಿಸುವ ಅಂಕಕ್ಕಿಂತ ಈ ಹಾಳೆ ಅವರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕೆಳಗೆ ಒಂದು ಸಾಲಿನಲ್ಲಿ, ಬಾಯಿ ಬಿಟ್ಟು ಹೇಳಲು ಕಷ್ಟವಾಗುವುದನ್ನು ಬರೆದು ಕೊಡಿ. ಅವರು ಓದಿಯೂ ಅದರ ಬಗ್ಗೆ ಏನೂ ಕೇಳದಿದ್ದರೆ ಇನ್ನೊಬ್ಬ ವೈದ್ಯರನ್ನು ನೋಡಿ.